ಉಂಡ ಮನೆಯ ಜಂತಿ ಎಣಿಸಿದವಳು

ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸಿದ್ದೇನೆ. ಶಹಾಪುರದ ಆ ಮನೆಯ ಅಡುಗೆಕೋಣೆಯಲ್ಲಿ, ಬೇಸಿಗೆಯ ಮಧ್ಯಾಹ್ನಗಳಲ್ಲಿ, ನೆಲದ ಮೇಲೆ ಅಂಗಾತ ಮಲಗಿ ಎಣಿಸಿದ್ದೇನೆ. ಹೊಗೆ ಕುಡಿದು ಕರ್ರಗಾದ ಜಂತಿಗಳು. ಮೂಲೆಯ ಒಂದಕ್ಕೆ ಗೆದ್ದಲು ಹತ್ತಿ, ಗಾಳಿ ಬಂದಾಗೆಲ್ಲ ನನ್ನ ಮುಖದ ಮೇಲೆ ಹಿಟ್ಟು ಉದುರುತ್ತಿತ್ತು. ಆ ಮನೆಯವರು ನನ್ನನ್ನು ಸಾಕಿದರು, ಬಟ್ಟೆ ಕೊಟ್ಟರು, ಓದಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ “ಎಷ್ಟು ಸೊಕ್ಕು ಈಕೆಗೆ” ಅನ್ನುವವರು ಇದ್ದೇ ಇರುತ್ತಾರೆ. ಅನ್ನಲಿ. ಈ ಸೊಕ್ಕು ಬರಲು ನನಗೆ ಬಹಳ ವರ್ಷ ಹಿಡಿಯಿತು. ಈಗ ಯಾರೋ ಬೇಸರ ಮಾಡಿಕೊಳ್ಳುತ್ತಾರೆಂದು ಅದನ್ನು ಬಿಟ್ಟುಕೊಡುವ ಮನಸ್ಸಿಲ್ಲ.

ಅದು ಸಭಾಪಾಲಕರ ಮನೆ. ಊರ ಹೊರಗೆ ಗುಡ್ಡಕ್ಕೆ ಬೆನ್ನು ಕೊಟ್ಟ ಕಂಪೌಂಡು, ಅದರಲ್ಲಿ ಚರ್ಚು, ಚರ್ಚಿಗೆ ಅಂಟಿಕೊಂಡಂತೆ ಮನೆ. ಸಭಾಪಾಲಕರನ್ನು ಎಲ್ಲರೂ ಅಯ್ಯನವರು ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಅಮ್ಮನವರು. ಅವರಿಗೊಬ್ಬಳೇ ಮಗಳು, ಗ್ರೇಸಿ, ಹೆಚ್ಚುಕಡಿಮೆ ನನ್ನ ವಾರಿಗೆಯವಳು. ಮುಂದಿನ ಕೋಣೆ ಬಂದುಹೋಗುವವರದು. ಅಲ್ಲಿ ಸೊಳ್ಳೆಪರದೆ ಕಟ್ಟಿದ ಒಂದು ಮಂಚವಿತ್ತು. ಯಾದಗಿರಿಯಿಂದ ಸುತ್ತಲಿನ ಸಭೆಗಳ ಮೇಲಿನ ದೊಡ್ಡ ಅಯ್ಯನವರು ಬಂದಾಗ ಮಾತ್ರ ಅದರ ಮೇಲೆ ಮನುಷ್ಯರು ಮಲಗುತ್ತಿದ್ದರು, ಉಳಿದ ದಿನ ಹೊಲಿದ ಕೌದಿಗಳು ಮಲಗುತ್ತಿದ್ದವು. ನಡುವಿನ ಕೋಣೆ ಅವರ ಮೂವರದು. ಹಿಂದಿನದು ಅಡುಗೆಕೋಣೆ, ಅದು ನನ್ನದು. ಮುಂಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ನಮ್ಮ ಮನೆ ಬಾಗಿಲು ಯಾರಿಗೂ ಮುಚ್ಚುವುದಿಲ್ಲ ಅನ್ನುವುದು ಅಯ್ಯನವರ ಹೆಮ್ಮೆ, ಮತ್ತು ಆ ಮಾತು ಸುಳ್ಳಲ್ಲ. ಜ್ವರದವರು, ಹುಣ್ಣಿನವರು, ಗಂಡ ಹೊಡೆದು ಹೊರಗೆ ಹಾಕಿದವರು, ಅರ್ಜಿ ಬರೆಸಿಕೊಳ್ಳುವವರು, ಎಲ್ಲರೂ ಆ ಬಾಗಿಲಿನಿಂದಲೇ ಬಂದರು. ನಾನೂ ಅಲ್ಲಿಂದಲೇ ಒಳಗೆ ಬಂದವಳು.

ನಾನು ಕ್ಯಾಂಪಿನ ಕೂಸು. ನಾರಾಯಣಪುರದಿಂದ ಎಡದಂಡೆ ಕಾಲುವೆಯನ್ನು ಶಹಾಪುರದ ಕಡೆ ಅಗೆಯುತ್ತಿದ್ದ ಕಾಲ. ಮಣ್ಣು ಕಡಿಯಲು, ಹೊರಲು ಪಾಲಮೂರಿನ ಕಡೆಯಿಂದ ತೆಲುಗು ಮಾತಾಡುವ ಗುಂಪುಗಳು ಬಂದಿದ್ದವು. ಈಚಲ ಚಾಪೆಯ ಗುಡಿಸಲು, ಮೂರು ಕಲ್ಲಿನ ಒಲೆ, ಮೈತುಂಬ ಎರೆಮಣ್ಣು. ನಮ್ಮಪ್ಪ ಸಾಯಣ್ಣ ಗುದ್ದಲಿ ಹಿಡಿಯುತ್ತಿದ್ದ, ಅವ್ವ ಬುಟ್ಟಿ ಹೊರುತ್ತಿದ್ದಳು. ಊರಿನವರಿಗೆ ನಾವು ಕೋಳಿ ಕದಿಯುವವರು. ಅಂಗಡಿಯವರು ಸಾಮಾನನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಿದ್ದರು. ಅಂಥಲ್ಲಿಗೆ ಅಯ್ಯನವರು ಸೈಕಲ್ ಮೇಲೆ ಬಂದರು, ಹಿಂದಿನ ಕ್ಯಾರಿಯರಿಗೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು. ಗುರುಮಠಕಲ್ ಕಡೆ ಕೆಲವು ವರ್ಷ ಸೇವೆ ಮಾಡಿದ್ದರಿಂದ ಅವರಿಗೆ ತೆಲುಗು ಬರುತ್ತಿತ್ತು. ಬೇವಿನ ಮರದ ಕೆಳಗೆ ಚಪ್ಪರ ಹಾಕಿಸಿ ಮಕ್ಕಳಿಗೆ ಗಂಜಿ ಕಾಯಿಸಿದರು, ಹಾಡು ಕಲಿಸಿದರು. ಕ್ಯಾಂಪಿನಲ್ಲಿ ವಾಂತಿಭೇದಿ ಬಿದ್ದಾಗ ಬೇರೆ ಯಾರೂ ಹತ್ತಿರ ಸುಳಿಯಲಿಲ್ಲ. ಅಯ್ಯನವರು ಅಮ್ಮನವರು ಇಬ್ಬರೂ ಬಂದು ನೀರು ಕಾಯಿಸಿ, ಉಪ್ಪು ಸಕ್ಕರೆ ಕಲಸಿ ಗುಡಿಸಲು ಗುಡಿಸಲಿಗೆ ಹೋಗಿ ಕುಡಿಸಿದರು. ನಮ್ಮವ್ವ ಸತ್ತದ್ದು ಅದೇ ಜಡ್ಡಿನಲ್ಲಿ. ಅವಳ ಕಣ್ಣು ಮುಚ್ಚಿದ್ದು, ಮೈ ತೊಳೆದದ್ದು ಅಮ್ಮನವರು. ಇದು ಖರೆ. ಖರೆ ಇದ್ದದ್ದನ್ನು ಸುಳ್ಳು ಅನ್ನುವುದು ನನ್ನ ಕೆಲಸವಲ್ಲ; ಆ ಕೆಲಸ ಮಾಡಿದವರು ಬೇರೆ ಇದ್ದಾರೆ.

ಕಾಲುವೆಯ ಕೆಲಸ ಒಂದು ಕಡೆ ನಿಲ್ಲುವುದಿಲ್ಲ. ಇಲ್ಲಿ ಮುಗಿದರೆ ಗುಂಪು ಇನ್ನೊಂದು ಕಡೆ ಹೋಗಬೇಕು. ನಮ್ಮಪ್ಪನ ಗುಂಪಿಗೆ ಕಕ್ಕೇರಾ ಕಡೆ ಹಂಚುಗಾಲುವೆಯ ಕೆಲಸ ಸಿಕ್ಕಿತು. ತಾಯಿ ಇಲ್ಲದ ಕೂಸನ್ನು ಮಣ್ಣಿನ ದಿಬ್ಬದ ಮೇಲೆ ಬಿಟ್ಟು ಗುದ್ದಲಿ ಹಿಡಿಯುವುದು ಹೇಗೆ? ಅಪ್ಪ ನನ್ನನ್ನು ಅಯ್ಯನವರ ಬಾಗಿಲಿಗೆ ಕರೆತಂದು, ಕೆಲಸ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿ ಹೋದ. ಗುಂಪಿನವರಲ್ಲಿ ಇದು ರೂಢಿ. ಬಾಣಂತಿಯನ್ನು, ಮುದುಕರನ್ನು, ಕೂಸುಗಳನ್ನು ನಂಬಿಕೆಯ ಮನೆಯಲ್ಲಿ ಬಿಟ್ಟು ಮುಂದಿನ ಕ್ಯಾಂಪಿಗೆ ಹೋಗುತ್ತಾರೆ, ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಬಿಡುವುದು ಅಂದರೆ ಅವರಲ್ಲಿ ತೊರೆಯುವುದಲ್ಲ, ಬದುವಿನ ಮೇಲೆ ಬುತ್ತಿ ಇಟ್ಟು ಹೊಲಕ್ಕೆ ಇಳಿದಂತೆ. ಅಯ್ಯನವರು ಮಾತ್ರ ಇದನ್ನು ಬೇರೆ ರೀತಿ ತಿಳಿದರು. ಕುಡಿದು ಮಕ್ಕಳನ್ನು ಬೀದಿಗೆ ಬಿಟ್ಟವರನ್ನು ಅವರು ಬಹಳ ನೋಡಿದ್ದರು. ಇದೂ ಅಂಥದೇ, ದೇವರು ನಮ್ಮ ಮಡಿಲಿಗೆ ಹಾಕಿದ್ದಾನೆ ಅಂದುಕೊಂಡರು. ಮೊದಲ ದಿನ ಹಾಗೆ ತಿಳಿದದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಮುಂದಿನ ಈಸ್ಟರಿಗೆ ನನ್ನ ತಲೆಯ ಮೇಲೆ ದೀಕ್ಷಾಸ್ನಾನದ ನೀರು ಬಿತ್ತು, ನರಸಮ್ಮ ಹೋಗಿ ಕರುಣಾ ಆದೆ. ಯಾರ ಕರುಣೆ ಅನ್ನುವುದನ್ನು ದಿನವೂ ನೆನಪು ಮಾಡಿಕೊಡುವ ಹೆಸರು.

ಆ ಮನೆಯಲ್ಲಿ ಬಿಸಿ ರೊಟ್ಟಿ ಉಂಡ ನೆನಪು ನನಗಿಲ್ಲ. ರೊಟ್ಟಿ ಬಿಸಿಯಾಗಿಯೇ ಬುಟ್ಟಿಗೆ ಬೀಳುತ್ತಿತ್ತು, ಪ್ರಾರ್ಥನೆ ಅದನ್ನು ಆರಿಸುತ್ತಿತ್ತು. ಅಯ್ಯನವರು ಕಣ್ಣು ಮುಚ್ಚಿದರೆ ಮೊದಲು ನಮ್ಮ ಸಭೆ, ಆಮೇಲೆ ಸುರಪುರದ ಸಭೆ, ಆಮೇಲೆ ಜಡ್ಡಿನವರು ಹೆಸರು ಹೆಸರಾಗಿ, ಆಮೇಲೆ ಕಾಲುವೆಯ ಇಂಜಿನಿಯರುಗಳು, ಕಡೆಗೆ ಇಡೀ ದೇಶ. ಇಷ್ಟೆಲ್ಲ ಮುಗಿದು ಆಮೆನ್ ಬರುವಷ್ಟರಲ್ಲಿ ಪುಂಡಿಪಲ್ಲೆ ಗಟ್ಟಿಯಾಗಿರುತ್ತಿತ್ತು. ಗ್ರೇಸಿ ಒಂದು ಕಣ್ಣು ತೆರೆದು ನನ್ನ ಕಡೆ ನೋಡುತ್ತಿದ್ದಳು, ನಾನು ಎರಡೂ ತೆರೆದೇ ಇರುತ್ತಿದ್ದೆ. ಅಡುಗೆಗೆ ಜೋಳ ತೆಗೆಯುವಾಗ ಪ್ರತಿ ಸಲ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವುದು ಸಭೆಯ ಹೆಂಗಸರ ವಾಡಿಕೆ; ಹಿಡಿಜೋಳ ಅನ್ನುತ್ತಿದ್ದರು, ಅದು ದೇವರ ಪಾಲು, ಬಡವರ ಪಾಲು. ಆ ಮನೆಯಲ್ಲಿ ಅದನ್ನು ಹಾಕುವುದು ನನ್ನ ಕೆಲಸ. ಅಮ್ಮನವರ ಹಿಡಿ ದೊಡ್ಡದು, ನನ್ನದು ಸಣ್ಣದು, ಅದಕ್ಕೇ ನನಗೆ ಆ ಕೆಲಸ ಕೊಟ್ಟಿದ್ದಾರೆ ಅಂತ ಗ್ರೇಸಿ ಚೇಷ್ಟೆಗೆ ಹೇಳಿದಾಗ ಅಮ್ಮನವರಿಗೆ ನಗು ತಡೆಯಲಾಗಲಿಲ್ಲ. ಅವರು ಕೆಟ್ಟವರಲ್ಲ. ತಲೆಗೆ ಎಣ್ಣೆ ಹಚ್ಚುವಾಗ ಗ್ರೇಸಿಗೆ ಎಷ್ಟು ತಿಕ್ಕುತ್ತಿದ್ದರೋ ನನಗೂ ಅಷ್ಟೇ ತಿಕ್ಕುತ್ತಿದ್ದರು. ಆದರೆ ತೆಲುಗು ಮಾತ್ರ ಆ ಮನೆಯಲ್ಲಿ ಕೂಡದು. ನಾನು ಮರೆತು ಒಂದು ಮಾತು ಆಡಿದರೂ ಅಯ್ಯನವರ ಹುಬ್ಬು ಮೇಲೇರುತ್ತಿತ್ತು.

“ಕ್ಯಾಂಪಿನ ಮಾತು ಕ್ಯಾಂಪಿಗಿ ಹೋತು. ದೇವರ ಮನ್ಯಾಗ ಇರಾಕಿ ಚಂದ ಮಾತಾಡಬೇಕು.”

ಹೀಗೆ ನನ್ನ ಬಾಯಿಂದ ತೆಲುಗು ಸ್ವಲ್ಪ ಸ್ವಲ್ಪ ಉದುರಿಹೋಯಿತು, ಹಾಲುಹಲ್ಲಿನ ಹಾಗೆ, ಆದರೆ ಹೊಸದು ಹುಟ್ಟಿದ್ದು ಬೇರೆಯವರ ಹಲ್ಲು. ಇನ್ನೊಂದು ಕಟ್ಟಳೆ ಇತ್ತು. ಸಭೆಗಳಿಗೆ ಹೋದಾಗ ನಾನು ಅವರನ್ನು ಅಪ್ಪಾ, ಅವ್ವಾ ಅನ್ನಬೇಕು. ಮನೆಯಲ್ಲಿ ಅಯ್ಯನವರೇ, ಅಮ್ಮನವರೇ. ಒಮ್ಮೆ ಸುರಪುರದಿಂದ ಬಂದ ಬಸ್ಸಿಳಿದು ಮನೆ ಸೇರಿದ ಮೇಲೂ ಅದೇ ಗುಂಗಿನಲ್ಲಿ, ಅವ್ವಾ, ನೀರು ಕೊಡು ಅಂದುಬಿಟ್ಟೆ. ಗ್ರೇಸಿ ಬಂದು ನನ್ನ ಜಡೆ ಹಿಡಿದು ಜಗ್ಗಿದಳು. ನಾನೂ ಬಿಡಲಿಲ್ಲ, ಅವಳ ಕೈ ಕಚ್ಚಿದೆ. ಇಬ್ಬರನ್ನೂ ಬಿಡಿಸಿದ ಅಮ್ಮನವರು ಗ್ರೇಸಿಯ ಕೈಗೆ ಅರಿಸಿನ ಹಚ್ಚುತ್ತ ನನಗೆ ಸಮಾಧಾನದಿಂದಲೇ ಹೇಳಿದರು.

“ಹೊರಗ ಅನ್ನವಾ, ಯಾರು ಬ್ಯಾಡಂದಾರ. ಮನ್ಯಾಗ ಬ್ಯಾಡ. ಅಕಿಗಿ ತ್ರಾಸ ಆಗ್ತದ.”

ಹೊರಗೆ ಅನ್ನಬೇಕಾದದ್ದು ಸಾಕ್ಷಿಗಾಗಿ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವುದು ಅಂದರೆ ಎಲ್ಲರ ಮುಂದೆ ನಿಂತು, ದೇವರು ತನಗೆ ಏನು ಮಾಡಿದ ಅಂತ ಹೇಳುವುದು. ಕುಡಿತ ಬಿಟ್ಟವರು ಹೇಳುತ್ತಾರೆ, ಜಡ್ಡು ವಾಸಿಯಾದವರು ಹೇಳುತ್ತಾರೆ. ತನ್ನ ಬಾಯಿಂದ ತಾನೇ ಬಂದರೆ ಅದು ಬಹಳ ಚಂದದ ವಾಡಿಕೆ. ನನ್ನದನ್ನು ಅಯ್ಯನವರು ಬರೆದು ಬಾಯಿಪಾಠ ಮಾಡಿಸಿದರು. ಮುಂದಿನ ಕೋಣೆಯಲ್ಲಿ, ಮಂಚದ ಮುಂದೆ ಚಾಪೆಯ ಮೇಲೆ ನಿಲ್ಲಿಸಿ, ಎಲ್ಲಿ ಕೈ ಎತ್ತಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದನ್ನೂ ಕಲಿಸಿದರು. ಆ ಪಾಠ ಹೀಗಿತ್ತು: ನಾನು ಕತ್ತಲೆಯಲ್ಲಿದ್ದೆನು. ನನ್ನ ತಾಯಿ ಕಾಲುವೆಯ ಮಣ್ಣು ಕುಸಿದು ಸತ್ತಳು. ನನ್ನ ತಂದೆ ಕುಡುಕನಾಗಿದ್ದನು. ಅವನು ನನ್ನನ್ನು ಕಾಲುವೆಯ ದಂಡೆಯಲ್ಲಿ ಬಿಟ್ಟು ಓಡಿಹೋದನು. ಆದರೆ ಪರಲೋಕದ ತಂದೆಯು ನನ್ನನ್ನು ಬಿಡಲಿಲ್ಲ. ಮೊದಲ ದಿನವೇ ನಾನು ಬಾಯಿ ಹಾಕಿದ್ದೆ.

“ಅವ್ವ ವಾಂತಿ ಆಗಿ ಸತ್ತಾಳ್ರಿ.”

“ಗೊತ್ತದವಾ. ಕೇಳಿದವರ ಮನಸ ಕರಗಬೇಕಲ್ಲ? ಮಣ್ಣಾಗ ಸತ್ತರೇನು, ಜಡ್ಡಾಗಿ ಸತ್ತರೇನು, ಕಾಲಿವಿ ಸಲುವಾಗೇ ಸತ್ತಾಳ.”

“ಅಪ್ಪ ಕುಡಿಯಾಂಗಿಲ್ರಿ. ಕುಡದ್ರ ಅವಗ ಹೊಟ್ಟಿ ಬ್ಯಾನಿ ಬರ್ತದ.”

“ಕ್ಯಾಂಪಿನ್ಯಾಗ ಕುಡೀಲಾರದವ ಯಾಂವ ಅದಾನ? ಇರವಲ್ದ್ಯಾಕ, ಬಿಟ್ಟು ಹೋಗ್ಯಾನೋ ಇಲ್ಲೋ? ಹಾಂ, ಮೊದಲಿಂದ ಹೇಳು.”

ಮೊದಲಿಂದ ಹೇಳಿದೆ. ಸುರಪುರದಲ್ಲಿ ಹೇಳಿದೆ, ಕಕ್ಕೇರಾದಲ್ಲಿ ಹೇಳಿದೆ, ಕೆನಾಲ್ ಕಾಲೊನಿಯ ಸಾಹೇಬರ ಹೆಂಡಂದಿರ ಮುಂದೆ ಹೇಳಿದೆ. ಹೇಳುವ ದಿನ ಗ್ರೇಸಿಯ ಹಬ್ಬದ ಫ್ರಾಕು ನನ್ನ ಮೈಗೆ ಬರುತ್ತಿತ್ತು, ಮನೆಗೆ ಬಂದ ಕೂಡಲೇ ಬಿಚ್ಚಿ ಮಡಚಿ ಇಡಬೇಕು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮುದುಕಿಯರು ನನ್ನ ಗಲ್ಲ ಹಿಡಿದು ಮುತ್ತಿಟ್ಟು ಪೆಪ್ಪರಮಿಂಟು ಕೊಡುತ್ತಿದ್ದರು. ಕ್ಯಾಂಪಿನ ಕೂಸನ್ನು ಮುಟ್ಟಲು ಯಾರೂ ಹೇಸದ ಜಾಗ ಅದೊಂದೇ, ಹೀಗಾಗಿ ನನಗದು ಹಿಡಿಸುತ್ತಲೂ ಇತ್ತು. ಆದರೆ ಹೇಳಿ ಹೇಳಿ ಒಂದು ವಿಚಿತ್ರವಾಯಿತು. ಅವ್ವ ಗುಡಿಸಲಿನ ಚಾಪೆಯ ಮೇಲೆ ಮಲಗಿ ನೀರು ನೀರು ಅಂದದ್ದು ಮಸುಕಾಗುತ್ತ ಹೋಗಿ, ಮಣ್ಣಿನ ಗುಡ್ಡೆ ಕುಸಿದು ಅವಳ ಕೈಯೊಂದು ಮಾತ್ರ ಕಾಣುವುದು ಕಣ್ಣಿಗೆ ಕಟ್ಟತೊಡಗಿತು. ಎಂದೂ ನಡೆಯದ್ದನ್ನು ನೆನೆದು ನಾನು ಬೆಚ್ಚಿಬೀಳುತ್ತಿದ್ದೆ. ಬಡವರಿಂದ ಬಹಳ ಜನ ಬಹಳ ಕಸಿದಿದ್ದಾರೆ. ಸತ್ತ ತಾಯಿಯ ಸಾವನ್ನೂ ಕಸಿದುಕೊಳ್ಳಬಹುದು ಅಂತ ನನಗೆ ಗೊತ್ತಾದದ್ದು ಆ ಮನೆಯಲ್ಲಿ. ಇಂದಿಗೂ ಅವ್ವನ ಮುಖ ನೆನೆದರೆ ಮೊದಲು ಮಣ್ಣು ಬರುತ್ತದೆ.

ವರ್ಷಕ್ಕೊಮ್ಮೆ, ಸುಗ್ಗಿಯ ನಂತರ, ನಾನು ಶಾಲೆಯಿಂದ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಒಂದು ಚೀಲ ಶೇಂಗಾ ಇರುತ್ತಿತ್ತು. ನಮ್ಮ ಕಡೆಯ ಶೇಂಗಾದ ಹಾಗಲ್ಲ, ಸಣ್ಣ ಕಾಯಿ, ಸಿಪ್ಪೆಗೆ ಕೆಂಪು ಮಣ್ಣು ಹತ್ತಿದ್ದು. ಯಾರು ಕೊಟ್ಟಿದ್ದು ಅಂತ ಕೇಳಿದರೆ ಅಮ್ಮನವರು, ದೇವರ ಹೆಸರಲೆ ಬಂದದ್ದು ಅನ್ನುತ್ತಿದ್ದರು. ಮೊದಲ ಪಾಲು ಚರ್ಚಿನ ಸುಗ್ಗಿ ಹಬ್ಬಕ್ಕೆ ಹೋಗುತ್ತಿತ್ತು. ಅಲ್ಲಿ ಆರಾಧನೆ ಮುಗಿದ ಮೇಲೆ ಕುಂಬಳಕಾಯಿ, ಕೋಳಿ, ಜೋಳದ ತೆನೆಗಳ ಜೊತೆ ಅದನ್ನೂ ಹರಾಜು ಹಾಕುತ್ತಿದ್ದರು. ಉಳಿದದ್ದನ್ನು ಸುಲಿಯುವುದು ನಾನು. ಹುರಿದು ಕುಟ್ಟಿ ಶೇಂಗಾಹಿಂಡಿ ಮಾಡಿದರೆ ತಿಂಗಳುಗಟ್ಟಲೆ ಬರುತ್ತಿತ್ತು. ಬೆರಳ ತುದಿ ಬೊಬ್ಬೆ ಬರುವ ಹಾಗೆ ಸುಲಿದು, ಎಲ್ಲರ ಜೊತೆ ನಾನೂ ರೊಟ್ಟಿಗೆ ಹಚ್ಚಿಕೊಂಡು ತಿಂದೆ.

ಏಳನೆಯ ಇಯತ್ತೆಯಲ್ಲಿದ್ದಾಗ ಯಾದಗಿರಿಯಲ್ಲಿ ಉಜ್ಜೀವನ ಕೂಟ ನಡೆಯಿತು. ಸ್ಟೇಷನ್ನಿನ ಆಚೆ ಬಯಲಿನಲ್ಲಿ ದೊಡ್ಡ ಪೆಂಡಾಲು, ಎಲ್ಲ ಊರಿನ ಸಭೆಗಳವರು, ಹೊರಗಿನಿಂದ ಬಂದ ಪ್ರಸಂಗಿಗಳು. ಮಧ್ಯಾಹ್ನದ ಕೂಟದಲ್ಲಿ ನನ್ನ ಸಾಕ್ಷಿ. ಮೈಕಿನ ಮುಂದೆ ನಿಂತು, ಕತ್ತಲೆಯಲ್ಲಿದ್ದೆನು ಅಂದೆ, ಮಣ್ಣು ಕುಸಿಯಿತು ಅಂದೆ. ಮುಂದಿನ ಮಾತಿಗೆ ಉಸಿರು ತೆಗೆದುಕೊಳ್ಳುವಾಗ ಪೆಂಡಾಲಿನ ಕೊನೆಯಲ್ಲಿ ಒಬ್ಬ ಗಂಡಸು ಕಂಡ. ಜಮಖಾನದ ಮೇಲೆ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರೆ ಅವನು ಅದರ ಅಂಚಿನ ಆಚೆ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಎರಡು ಮೊಣಕಾಲುಗಳ ನಡುವೆ ಒಂದು ಚೀಲ. ನನ್ನ ಕಡೆ ನೋಡಿ ನಗುತ್ತಿದ್ದ. ಪಕ್ಕದವನ ತೋಳು ತಟ್ಟಿ ನನ್ನನ್ನು ತೋರಿಸಿದ. ನಗು ಕಂಡರೂ ಮುಖದ ಗುರುತು ಅಷ್ಟು ದೂರದಿಂದ ಹತ್ತಲಿಲ್ಲ, ಆದರೆ ಆ ಕೂತ ರೀತಿ, ಗುದ್ದಲಿ ಬದಿಗಿಟ್ಟು ಬೀಡಿ ಸೇದುವಾಗ ನಮ್ಮಪ್ಪ ಕೂರುತ್ತಿದ್ದ ರೀತಿ. ಅವನಿಗೆ ಪುಸ್ತಕದ ಕನ್ನಡ ಒಂದು ಅಕ್ಷರ ತಿಳಿಯುವುದಿಲ್ಲ. ಅಷ್ಟು ಜನರ ಮುಂದೆ, ಹೊಸ ಫ್ರಾಕು ತೊಟ್ಟು, ಮೈಕಿನಲ್ಲಿ ಮಗಳು ಮಾತಾಡುತ್ತಿದ್ದಾಳೆ ಅನ್ನುವುದಷ್ಟೇ ಅವನಿಗೆ ತಿಳಿದದ್ದು. ನನ್ನ ತಂದೆ, ಅಂದವಳು ನಿಂತುಬಿಟ್ಟೆ. ಬಾಯಿಪಾಠ ಮರೆತೆ ಅಂದುಕೊಂಡು ಅಯ್ಯನವರು ಹಿಂದಿನಿಂದ ಸಣ್ಣಗೆ ಹೇಳಿಕೊಟ್ಟರು.

“ಕುಡುಕನಾಗಿದ್ದನು.”

ನಾನು ಹೇಳಲಿಲ್ಲ. ಇನ್ನೊಮ್ಮೆ ಹೇಳಿಕೊಟ್ಟರು. ಆಮೇಲೆ ಅವರೇ ಮುಂದೆ ಬಂದು, ನನ್ನ ಹೆಗಲ ಮೇಲೆ ಕೈ ಇಟ್ಟು, ದುಃಖದಿಂದ ಈ ಕೂಸಿಗೆ ಮಾತು ಹೊರಡುತ್ತಿಲ್ಲ ಅಂತ ಹೇಳಿ ಉಳಿದದ್ದನ್ನು ತಾವೇ ಮುಗಿಸಿದರು. ಕುಡುಕ, ಓಡಿಹೋದವನು, ಕಲ್ಲೆದೆಯವನು. ಒಂದೊಂದು ಮಾತಿಗೂ ಪೆಂಡಾಲಿನಲ್ಲಿ ನಿಟ್ಟುಸಿರು. ಅದರ ಕೊನೆಯಲ್ಲಿ ನಮ್ಮಪ್ಪ ಮಾತ್ರ ನಗುತ್ತಲೇ ಇದ್ದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವನೂ ತಟ್ಟಿದ.

ಕೂಟ ಮುಗಿದ ಮೇಲೆ ಅವನು ಪೆಂಡಾಲಿನ ಹಿಂದೆ, ಅಡುಗೆಯ ಕೊಪ್ಪರಿಗೆಗಳ ಹತ್ತಿರ ಬಂದು ನಿಂತ. ಶಹಾಪುರಕ್ಕೆ ಹೋಗಿ, ಮನೆಗೆ ಬೀಗ ಕಂಡು, ನೆರೆಯವರನ್ನು ಕೈಸನ್ನೆಯಲ್ಲಿ ಕೇಳಿ ಇಲ್ಲಿಗೆ ಬಸ್ಸು ಹಿಡಿದಿದ್ದ. ಅಯ್ಯನವರ ಮುಖ ಇಳಿದುಹೋಯಿತು, ಆದರೆ ಕೂಡಲೇ ಸರಿಮಾಡಿಕೊಂಡು ಕೈಮುಗಿದು ಮಾತಾಡಿಸಿದರು. ಅಪ್ಪ ಚೀಲದ ಬಾಯಿ ಬಿಚ್ಚಿ ನನ್ನ ಎರಡೂ ಬೊಗಸೆಗೆ ಶೇಂಗಾ ಸುರಿದ. ಸಣ್ಣ ಕಾಯಿ, ಕೆಂಪು ಮಣ್ಣು. ಆಗ ನನಗೆ ಎಲ್ಲವೂ ತಿಳಿಯಿತು. ವರ್ಷ ವರ್ಷ ಇವನು ಬಂದಿದ್ದಾನೆ, ವರ್ಷ ವರ್ಷ ಇವರು ನನಗೆ ಹೇಳಿಲ್ಲ, ಇವನ ಬೆವರನ್ನು ದೇವರ ಹೆಸರಿನಲ್ಲಿ ಸುಲಿದು ತಿಂದಿದ್ದೇವೆ. ಅಪ್ಪ ತೆಲುಗಿನಲ್ಲಿ ಏನೇನೋ ಹೇಳುತ್ತಿದ್ದ. ಮನೆ, ಆಕಳು, ದೊಡ್ಡಮ್ಮ, ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತಿತ್ತು. ಕಡೆಗೆ ಕೈ ಚಾಚಿ, ಪೋದಾಂ ಪಾ ಬಿಡ್ಡಾ, ಅಂದ. ಹೋಗೋಣ ಬಾ ಮಗಳೇ. ಅದು ತಿಳಿಯಿತು. ಆ ಒಂದು ಮಾತನ್ನು ಯಾರ ಹುಬ್ಬಿಗೂ ಉದುರಿಸಲು ಆಗಿರಲಿಲ್ಲ. ಆದರೆ ಉತ್ತರ ಕೊಡಲು ನನ್ನ ಬಾಯಲ್ಲಿ ತೆಲುಗು ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ಅದು ನನಗೆ ಬಿಡಲಾರದ್ದು. ನಾನು ಅಯ್ಯನವರ ಕಡೆ ತಿರುಗಿದೆ. ಇಬ್ಬರ ಮಾತೂ ಬಲ್ಲವರು ಅಲ್ಲಿ ಅವರೊಬ್ಬರೇ.

“ನಾ ಬರ್ತೀನಿ ಅಂತ ಹೇಳ್ರಿ ಅವಗ. ಪರೀಕ್ಷಾ ಮುಗೀಲಿ. ಬ್ಯಾಸಿಗ್ಯಾಗ ಬಂದು ಕರಕೊಂಡು ಹೋಗು ಅಂತ ಹೇಳ್ರಿ.”

ಅಯ್ಯನವರು ನನ್ನನ್ನು ನೋಡಿದರು. ಆಮೇಲೆ ಅಪ್ಪನ ಹೆಗಲ ಮೇಲೆ ಕೈ ಇಟ್ಟು, ಬಹಳ ಮೆತ್ತಗೆ, ಜಡ್ಡಿನವರ ಹತ್ತಿರ ಮಾತಾಡುವ ದನಿಯಲ್ಲಿ ತೆಲುಗಿನಲ್ಲಿ ಹೇಳಿದರು. ಅಪ್ಪ ಕೇಳುತ್ತ ಕೇಳುತ್ತ ತಲೆ ಬಗ್ಗಿಸಿ ತನ್ನ ಧೋತರ ನೋಡಿಕೊಂಡ, ತನ್ನ ಪಾದ ನೋಡಿಕೊಂಡ. ಮಣ್ಣು ಮೆತ್ತಿದ ಪಾದ. ಒಂದರಿಂದ ಇನ್ನೊಂದನ್ನು ಉಜ್ಜಿಕೊಂಡ. ನನ್ನ ತಲೆಯ ಮೇಲೆ ಕೈ ಇಡಲು ಬಂದವನು ಅರ್ಧಕ್ಕೇ ಹಿಂದೆ ತೆಗೆದ. ಚೀಲ ಅಲ್ಲೇ ಬಿಟ್ಟು ಸ್ಟೇಷನ್ ಕಡೆ ಹೊರಟುಹೋದ. ಅಮ್ಮನವರು ಅವನಿಗಂತ ಹಾಕಿಸಿಕೊಂಡು ಬಂದ ಅನ್ನದ ತಾಟು ಅವರ ಕೈಯಲ್ಲೇ ಉಳಿಯಿತು.

“ಹೇಳಿದ್ರಿ?” ಅಂದೆ.

“ಹೇಳೀನವಾ. ಬರ್ತಾನ.”

ಪರೀಕ್ಷೆ ಮುಗಿಯಿತು. ನನ್ನವು ಅನ್ನುವಂಥ ಬಟ್ಟೆಗಳನ್ನು ಒಂದು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಬೆಳಗಾದರೆ ಕಂಪೌಂಡಿನ ಗೇಟಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಬಿಸಿಲು ನೆತ್ತಿಗೆ ಬಂದಾಗ ಗ್ರೇಸಿ ನೀರು ತಂದುಕೊಡುತ್ತಿದ್ದಳು, ಜಗಳವಿಲ್ಲದೆ. ಅಪ್ಪ ಬರಲಿಲ್ಲ. ಅಯ್ಯನವರು ದಿನವೂ ಸೈಕಲ್ ತಳ್ಳಿಕೊಂಡು ನನ್ನ ಮುಂದೆಯೇ ಹೋಗುತ್ತಿದ್ದರು, ಜಡ್ಡಿನವರನ್ನು ನೋಡಲು, ಪ್ರಾರ್ಥನೆ ಮಾಡಲು. ಗಂಟು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಬಿಸಿಲಿಗೆ ಕೂಡಬ್ಯಾಡವಾ ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಬೇಸಿಗೆ ಪೂರ್ತಿ ಹೀಗೆ. ಅವರು ಮಾಡಿದ ಉಳಿದದ್ದನ್ನೆಲ್ಲ ಕ್ಷಮಿಸಲು ಪ್ರಯತ್ನ ಮಾಡಿದ್ದೇನೆ, ಕೆಲವನ್ನು ಕ್ಷಮಿಸಿಯೂ ಇದ್ದೇನೆ. ಆ ಗೇಟು ದಾಟಿ ಹೋದದ್ದನ್ನು ಕ್ಷಮಿಸಿಲ್ಲ. ಮುಂದಿನ ಸುಗ್ಗಿಗೆ ಶೇಂಗಾ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಅಪ್ಪನೂ ಖರೇನೇ ಬಿಟ್ಟ, ಅಯ್ಯನವರು ಮೊದಲೇ ಕಂಡು ಹೇಳಿದ್ದರು ಅಂದುಕೊಂಡೆ. ಆದರೂ ಸಾಕ್ಷಿ ಮಾತ್ರ ಮತ್ತೆ ಹೇಳಲಿಲ್ಲ. ನಿಲ್ಲಿಸಿದರೆ ನಿಲ್ಲುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಕಡೆಗೆ ನಿಲ್ಲಿಸುವುದನ್ನೇ ಬಿಟ್ಟರು.

ಆಮೇಲೆ ನನ್ನನ್ನು ನರ್ಸಿಂಗ್ ಕಲಿಯಲು ಕಳಿಸಿದರು. ಅದನ್ನೂ ಅವರೇ ಮಾಡಿದರು. ಆಸ್ಪತ್ರೆಯಲ್ಲಿ ತೆಲುಗು ರೋಗಿಗಳು ಬಹಳ. ಅವರ ನೋವು ಕೇಳಿ ಕೇಳಿ ನನ್ನ ಮಾತು ನನಗೆ ವಾಪಸು ಬಂತು. ಸುರಪುರದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಧೈರ್ಯ ಮಾಡಿ, ಗುರುಮಠಕಲ್ ದಾಟಿ ಊರೂರು ಕೇಳುತ್ತ ಹೋದೆ. ಮನೆ ಸಿಕ್ಕಿತು. ಅಪ್ಪ ಇರಲಿಲ್ಲ, ಸತ್ತು ಬಹಳ ದಿನವಾಗಿತ್ತು. ಅವನ ಅಣ್ಣನ ಹೆಂಡತಿ, ನನ್ನ ದೊಡ್ಡಮ್ಮ, ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದವಳು ನಾನು ಯಾರೆಂದು ಹೇಳಿದ ಮೇಲೂ ಏಳಲಿಲ್ಲ, ಕೂತುಕೋ ಅನ್ನಲಿಲ್ಲ. ಅವಳು ತೆಲುಗಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆಯಬಲ್ಲೆ, ಅದರ ಕಹಿಯನ್ನು ಬರೆಯಲಾರೆ. ಈಗ ಯಾಕೆ ಬಂದೆ ಅಂದಳು. ಅವನು ಪ್ರತಿ ವರ್ಷ ಬರುತ್ತಿದ್ದ, ಅಪ್ಪನನ್ನು ನೋಡಿದರೆ ಕೂಸಿನ ಓದು ಕೆಡುತ್ತದೆ ಅಂತ ಆ ಪಾದ್ರಿ ಹೇಳಿದ್ದಕ್ಕೆ ಶಾಲೆಯ ಗೋಡೆಯ ಆಚೆ ನಿಂತು ನೋಡಿ ಬರುತ್ತಿದ್ದ ಅಂದಳು. ಕೊನೆಯ ಸಲ ಕೇಳಿಯೇಬಿಡುತ್ತೇನೆ, ಕರೆದುಕೊಂಡು ಬರುತ್ತೇನೆ ಅಂತ ಹೋದವನು ಬರಿಗೈಯಲ್ಲಿ ಬಂದ ಅಂದಳು. ನೀನೇ ಹೇಳಿದೆಯಂತೆ, ಇನ್ನು ಬರಬೇಡ, ನೀನು ಬಂದರೆ ಜನರ ಮುಂದೆ ನನಗೆ ನಾಚಿಕೆಯಾಗುತ್ತದೆ ಅಂತ. ಆ ಮಾತು ಕೇಳಿದ ಮೇಲೆ ಅವನು ಆ ಕಡೆಯ ಕೆಲಸಕ್ಕೇ ಹೋಗಲಿಲ್ಲ.

ಅಯ್ಯನವರು ಆಗ ಕೆಲಸದಿಂದ ನಿವೃತ್ತರಾಗಿ ಯಾದಗಿರಿಯಲ್ಲಿದ್ದರು. ಅಮ್ಮನವರು ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಕಾಲಿನಲ್ಲಿ ಹುಣ್ಣಾಗಿತ್ತು. ನಾನು ವಾರಕ್ಕೊಮ್ಮೆ ಹೋಗಿ ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದೆ. ಆ ವಾರವೂ ಕಟ್ಟಿದೆ. ಕಟ್ಟಿ ಮುಗಿಸಿ, ಕೈ ತೊಳೆದುಕೊಂಡು ಕೇಳಿದೆ. ಅವರು ಇಲ್ಲ ಅನ್ನಲಿಲ್ಲ.

“ಹೌದವಾ, ಹಂಗ ಹೇಳೀನಿ. ನಿನ್ನ ಸಲುವಾಗೇ ಹೇಳೀನಿ. ಅಂವ ಕರಕೊಂಡು ಹೋಗಿದ್ರ ನೀ ಇವತ್ತ ಈ ಬಿಳಿ ಸೀರಿ ಉಡ್ತಿದ್ದೇನು? ಬುಟ್ಟಿ ಹೊತ್ತು ಹೊತ್ತು ಸಾಯ್ತಿದ್ದಿ.”

“ಅವ ನನ್ನ ಬಿಟ್ಟು ಹೋಗಿದ್ದಿಲ್ಲ ಅಂತ ನಿಮಗ ಗೊತ್ತಿತ್ತು.”

“ದೇವರಿಗಿ ಗೊತ್ತದ. ನಾ ಒಂದು ಆತ್ಮ ಉಳಿಸೀನಿ.”

ಬುಟ್ಟಿಯ ಮಾತು ಖರೆ ಇರಬಹುದು. ಅದೇ ನನ್ನನ್ನು ಇವತ್ತಿಗೂ ಹೆಚ್ಚು ಸುಡುತ್ತದೆ. ಒಳ್ಳೆಯದು ಮಾಡಿದವರ ಮೇಲಿನ ಸಿಟ್ಟಿಗೆ ಎಲ್ಲಿಯೂ ಜಾಗವಿಲ್ಲ. ಹೊರಗೆ ಹೇಳಿದರೆ ಕೃತಘ್ನೆ, ಒಳಗೆ ಇಟ್ಟುಕೊಂಡರೆ ವಿಷ. ಮುಂದಿನ ವಾರವೂ ಹೋಗಿ ಪಟ್ಟಿ ಕಟ್ಟಿದೆ. ಪ್ರೀತಿಯಿಂದಲ್ಲ. ಹುಣ್ಣು ಕಂಡರೆ ತೊಳೆಯಬೇಕು ಅನ್ನುವುದನ್ನು ಆ ಮನೆಯೇ ನನಗೆ ಕಲಿಸಿತ್ತು, ಬಿಡಲು ಬರಲಿಲ್ಲ.

ಅವರು ತೀರಿಕೊಂಡಾಗ ಚರ್ಚು ತುಂಬಿ ಜನ ಹೊರಗೂ ನಿಂತಿದ್ದರು. ಕ್ಯಾಂಪುಗಳಲ್ಲಿ ಅವರಿಂದ ಗಂಜಿ ಕುಡಿದವರು, ಔಷಧ ತಗೊಂಡವರು, ಅವರಿಂದ ಓದಿದವರು. ಅಳುತ್ತಿದ್ದವರೆಲ್ಲ ಖರೇನೇ ಅಳುತ್ತಿದ್ದರು. ಗ್ರೇಸಿ ಪೆಟ್ಟಿಗೆಯ ಹತ್ತಿರ ಕೂತಿದ್ದಳು. ಸಭೆಯ ಹಿರಿಯರು ಎದ್ದು, ಅಯ್ಯನವರ ಸೇವೆಗೆ ಇದಕ್ಕಿಂತ ದೊಡ್ಡ ಫಲ ಬೇಕೇ, ಕಾಲುವೆಯ ದಂಡೆಯಲ್ಲಿ ಸಿಕ್ಕ ಕೂಸು ಇವತ್ತು ನಮ್ಮ ಸಿಸ್ಟರ್, ಈಗ ಅವರು ಸಾಕ್ಷಿ ಹೇಳುತ್ತಾರೆ ಅಂದರು. ನನ್ನನ್ನು ಯಾರೂ ಕೇಳಿರಲಿಲ್ಲ. ಎದ್ದು ಮುಂದೆ ಹೋದೆ. ಹಿಂದಿನಿಂದ ಹೇಳಿಕೊಡುವವರು ಈಗ ಇರಲಿಲ್ಲ.

“ನಮ್ಮಪ್ಪನ ಹೆಸರು ಸಾಯಣ್ಣ. ಅವ ಕುಡೀತಿದ್ದಿಲ್ಲ. ನನ್ನ ಬಿಟ್ಟು ಹೋಗಿದ್ದಿಲ್ಲ. ವರ್ಷಾ ವರ್ಷಾ ಬರ್ತಿದ್ದ.”

ಅಷ್ಟು ಹೇಳಿ ಬಂದು ಕೂತೆ. ಆಮೇಲೆ ಗಂಡಸರ ಸಾಲಿನಿಂದ ಯಾರೋ, ಸಾಕ್ಷಿ ಮುಗಿದಾಗ ಅನ್ನುವ ರೂಢಿಯಂತೆ, ಆಮೆನ್ ಅಂದರು.